ಎಲ್ಲಿ ಕೇಳಿದ್ದು ಅಂತ ಮೊದಲು ಹೇಳಿ

ಅಕ್ಕನ ಹೋಮ್‌ಸ್ಟೇಗೆ ಕಳೆದ ವಾರ ಐದಕ್ಕೆ ಮೂರು ಸ್ಟಾರ್ ಬಿತ್ತು. ಮಡಿಕೇರಿಯಿಂದ ಸ್ವಲ್ಪ ದೂರ, ತೋಟದ ಮಧ್ಯೆ ಎರಡೇ ರೂಮು ಅವರದ್ದು. ಬಂದವರು ಊಟ ಚೆನ್ನಾಗಿತ್ತು ಅಂತ ಬರೆದಿದ್ದಾರೆ. ಅಕ್ಕಿ ರೊಟ್ಟಿ, ಕಣಿಲೆ ಪಲ್ಯ ಎಲ್ಲ ಹೆಸರು ಹಿಡಿದು ಹೊಗಳಿದ್ದಾರೆ. ರೂಮು ಕ್ಲೀನ್ ಅಂತಲೂ ಇದೆ. ಆಮೇಲೆ ಬರುತ್ತೆ ನೋಡಿ: ಮಳೆ ಬಿಡಲೇ ಇಲ್ಲ, ಜಿಗಣೆ ಕಚ್ಚಿತು, ಫೋನಿಗೆ ನೆಟ್‌ವರ್ಕ್ ಇಲ್ಲ. ಎರಡು ಸ್ಟಾರ್ ಕಟ್. ಜುಲೈ ತಿಂಗಳಲ್ಲಿ ಕೊಡಗಿಗೆ ಬಂದು ಮಳೆ ಜಾಸ್ತಿ ಅಂದರೆ ಏನು ಹೇಳೋದು?

ಅಕ್ಕ ಎರಡು ದಿನ ಮುಖ ಊದಿಸಿಕೊಂಡೇ ಇದ್ದಳು. "ಜಿಗಣೆಗೂ ನಾನೇ ಸಂಬಳ ಕೊಟ್ಟು ಇಟ್ಕೊಂಡಿದ್ದೀನಾ?" ಅಂದಳು. ಸಮಾಧಾನ ಮಾಡೋಣ ಅಂತ ನಾನು ಒಂದು ಹಾಡಿನ ಕತೆ ಹೇಳಿದೆ. ಅವಳಿಗೇನೂ ಸಮಾಧಾನ ಆಗಲಿಲ್ಲ. ನನಗೆ ಮಾತ್ರ ಬರೆಯೋಕೆ ವಿಷಯ ಸಿಕ್ಕಿತು.

ಹಾಡಿನ ಕತೆ ಇಷ್ಟು. ಚಂದ್ರನ ಮೇಲೆ ಮನುಷ್ಯರು ಊರು ಕಟ್ಟಿಕೊಂಡಿದ್ದಾರೆ. ಅಲ್ಲೊಂದು ಟ್ಯಾಕೋ ಅಂಗಡಿ, ಅಂದರೆ ಮೆಕ್ಸಿಕೋದವರು ರೊಟ್ಟಿ ಮಡಚಿ ಒಳಗೆ ಮಾಂಸ, ಸೊಪ್ಪು ತುಂಬಿ ಕೊಡ್ತಾರಲ್ಲ, ಆ ಅಂಗಡಿ. ಅದಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಸಿಕ್ಕಿದೆ ಅಂತ ಹಾಡುಗಾರ ಕೊಚ್ಚಿಕೊಳ್ಳುತ್ತಾನೆ. ಪೂರ್ತಿ ಐದಲ್ಲ, ನಾಲ್ಕು. ಹಾಡಿನ ಹೆಸರೇ 'ಫೋರ್ ಔಟ್ ಆಫ್ ಫೈವ್'. ಹಾಡಿದ್ದು ಆರ್ಕ್ಟಿಕ್ ಮಂಕೀಸ್, ಇಂಗ್ಲೆಂಡಿನ ಶೆಫೀಲ್ಡ್‌ನ ಹುಡುಗರು. ಈಗ ಹುಡುಗರೇನಲ್ಲ ಬಿಡಿ, ನನ್ನ ಜೊತೆಗೇ ಅವರಿಗೂ ವಯಸ್ಸಾಗಿದೆ. ಆಲ್ಬಂ 'ಟ್ರಾಂಕ್ವಿಲಿಟಿ ಬೇಸ್ ಹೋಟೆಲ್ ಆ್ಯಂಡ್ ಕ್ಯಾಸಿನೊ'. 1969ರಲ್ಲಿ ಅಪೋಲೋ 11 ಚಂದ್ರನ ಮೇಲೆ ಇಳಿಯಿತಲ್ಲ, ಆ ಜಾಗದ ಹೆಸರು ಟ್ರಾಂಕ್ವಿಲಿಟಿ ಬೇಸ್. ಅಲ್ಲಿ ಹೋಟೆಲ್ ಕಟ್ಟಿದರೆ ಹೇಗಿರುತ್ತೆ ಅಂತ ಇವರು ಆಲ್ಬಂ ಮಾಡಿದರು. ಒಂಥರಾ ಚಂದ್ರನ ಮೇಲೆ ಹೋಮ್‌ಸ್ಟೇ. ಅಲ್ಲಿ ಮಳೆಯೂ ಇಲ್ಲ, ಜಿಗಣೆಯೂ ಇಲ್ಲ, ಆದರೂ ಒಂದು ಸ್ಟಾರ್ ಹೋಗಿದೆ.

ತಮಾಷೆ ಏನಂದರೆ ಸ್ಟಾರ್ ಬಗ್ಗೆ ಹಾಡಿದ ಈ ಆಲ್ಬಮ್ಮಿಗೇ ಜನ ಸ್ಟಾರ್ ಹಿಡಿದುಕೊಂಡು ಕಿತ್ತಾಡಿದರು. ಒಬ್ಬ ಐದು ಕೊಟ್ಟರೆ ಇನ್ನೊಬ್ಬ ಒಂದು. ನಮ್ಮ ಮನೆಯಲ್ಲೇ ಜಗಳ ಆಯಿತು. ಅಕ್ಕನ ಮಗ ಮತ್ತು ನಾನು ಆರು ತಿಂಗಳು ಇದೇ ವಿಷಯಕ್ಕೆ ಫೋನಿನಲ್ಲಿ ಬೈದಾಡಿಕೊಂಡಿದ್ದೇವೆ.

ಮೊದಲಿಂದ ಹೇಳ್ತೀನಿ. ಈ ಬ್ಯಾಂಡ್ ನನಗೆ ಸಿಕ್ಕಿದ್ದು 2006ರಲ್ಲಿ, ನಾನು ಮೈಸೂರಿನಲ್ಲಿ ಬಿ.ಎಡ್. ಮಾಡುತ್ತಿದ್ದಾಗ. ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನವನ ಹತ್ತಿರ ಒಂದು ಹಳೇ ಕಂಪ್ಯೂಟರ್ ಇತ್ತು, ಅದರಲ್ಲಿ ಇವರ ಮೊದಲ ಆಲ್ಬಂ ಇತ್ತು. ಆ ವರ್ಷ ಜನವರಿ 23ಕ್ಕೆ ಬಂದದ್ದು, ಬ್ರಿಟನ್ನಿನಲ್ಲಿ ಮೊದಲ ವಾರಕ್ಕೇ 3,63,735 ಪ್ರತಿ ಖರ್ಚಾದದ್ದು. ಅಲ್ಲಿ ಒಂದು ಬ್ಯಾಂಡಿನ ಮೊದಲ ಆಲ್ಬಂ ಅಷ್ಟು ವೇಗದಲ್ಲಿ ಅದಕ್ಕೂ ಮುಂಚೆ ಮಾರಾಟ ಆಗಿರಲಿಲ್ಲ. ಇದರ ಹಿಂದೆ ವಿಮರ್ಶಕರೂ ಇರಲಿಲ್ಲ, ದೊಡ್ಡ ಕಂಪನಿಯೂ ಇರಲಿಲ್ಲ. ಹುಡುಗರು ಹಾಡುಗಳನ್ನ ಸಿ.ಡಿ.ಗೆ ಹಾಕಿ ತಮ್ಮ ಕಾರ್ಯಕ್ರಮಗಳಲ್ಲಿ ಪುಕ್ಕಟೆ ಹಂಚುತ್ತಿದ್ದರು, ತಗೊಂಡವರು ಅದನ್ನ ಇಂಟರ್‌ನೆಟ್ಟಿಗೆ ಹಾಕಿದರು, ಆಲ್ಬಂ ಬರೋ ಹೊತ್ತಿಗೆ ಜನಕ್ಕೆ ಹಾಡೆಲ್ಲ ಬಾಯಿಪಾಠ ಆಗಿತ್ತು. ಆಮೇಲೆ ಬಂದದ್ದು ಡಾಮಿನೋ ಅನ್ನೋ ಇಂಡಿ ಲೇಬಲ್‌ನಿಂದ, ಅಂದರೆ ದೊಡ್ಡ ಕಂಪನಿಗಳಿಗೆ ಸೇರದ ಸ್ವತಂತ್ರ ಸಂಸ್ಥೆಯಿಂದ.

ನನಗೆ ಹಿಡಿಸಿದ್ದು ಇನ್ನೊಂದು. ಬ್ಯಾಂಡಿನ ಹಾಡುಗಾರ ಹುಡುಗ, ಅಲೆಕ್ಸ್ ಟರ್ನರ್, ತಮ್ಮೂರಿನ ಇಂಗ್ಲಿಷಿನಲ್ಲೇ ಹಾಡಿದ್ದ. ಅಮೆರಿಕದವರ ತರ ಬಾಯಿ ತಿರುಗಿಸಲಿಲ್ಲ. ರಾತ್ರಿಯ ಟ್ಯಾಕ್ಸಿ ಕ್ಯೂ, ಬಾಗಿಲಲ್ಲಿ ತಡೆಯೋ ದಾಂಡಿಗ, ಜಗಳ ಕಾಯೋ ಹುಡುಗರು, ಎಲ್ಲ ಅವರ ಊರಿನದ್ದೇ. ಹಾಸ್ಟೆಲ್‌ನಲ್ಲಿ ನಾನು ನಮ್ಮ ಕಡೆಯ ಅರೆಭಾಷೆ ಬಾಯಿಗೆ ಬಂದಾಗಲೆಲ್ಲ ತಡೆದು ಮೈಸೂರು ಕನ್ನಡ ಆಡುತ್ತಿದ್ದ ಕಾಲ ಅದು. ಅರ್ಧ ಮಾತು ಅರ್ಥವಾಗದಿದ್ದರೂ ಇವನು ನಾಚಿಕೊಳ್ಳುತ್ತಿಲ್ಲ ಅನ್ನೋದು ಮಾತ್ರ ಚೆನ್ನಾಗಿ ಅರ್ಥ ಆಗಿತ್ತು.

ಅಕ್ಕನ ಮಗನಿಗೆ ಬ್ಯಾಂಡ್ ಸಿಕ್ಕಿದ್ದು 2013ರಲ್ಲಿ, 'ಎ.ಎಂ.' ಅನ್ನೋ ಆಲ್ಬಂನಿಂದ. ಸೆಪ್ಟೆಂಬರಿನಲ್ಲಿ ಬಂತು. ನಾನೇ ಕೇಳಿಸಿದ್ದು, ತಪ್ಪು ನನ್ನದೇ. ಅದರಲ್ಲಿ ಗಿಟಾರ್ ಹೇಗಿದೆ ಅಂದರೆ, ನಮ್ಮ ಮದುವೆಮನೆಗಳಲ್ಲಿ ವಾಲಗ ಶುರುವಾಗುತ್ತಲ್ಲ, ಹಾಗೆ. ವಾಲಗ ಕೇಳಿದರೆ ಎಪ್ಪತ್ತು ದಾಟಿದ ಅಜ್ಜನ ಕಾಲೂ ಸುಮ್ನೆ ನಿಲ್ಲೋದಿಲ್ಲ, ಮಂಡಿ ನೋವು ಅಂತ ಕುರ್ಚಿ ಹಿಡಿದು ಕೂತವರೂ ಕೈ ಎತ್ತಿಕೊಂಡು ಬರುತ್ತಾರೆ. 'ಎ.ಎಂ.' ಆ ಜಾತಿಯದ್ದು. ಹುಡುಗ ಕಾಲೇಜು ಮುಗಿಸೋವರೆಗೂ ಅದನ್ನೇ ಕೇಳಿದ. ಗಿಟಾರ್ ತಗೊಂಡ, ಕೈಬೆರಳು ಸುಲಿದುಕೊಂಡ, ಆಮೇಲೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಗಿಟಾರ್ ಅಟ್ಟ ಸೇರಿತು. ಮುಂದಿನ ಆಲ್ಬಮ್ಮಿಗೆ ಹೆಚ್ಚು ಕಮ್ಮಿ ಐದು ವರ್ಷ ಕಾದ. ಅಷ್ಟು ವರ್ಷ ಕಾದವನು ವಾಲಗಕ್ಕೇ ಕಾದಿರುತ್ತಾನೆ, ಅಲ್ವಾ?

ಬಂದದ್ದು ಪಿಯಾನೋ.

ಟರ್ನರ್ ಮೂವತ್ತನೇ ಹುಟ್ಟುಹಬ್ಬಕ್ಕೆ ಅವನ ಮ್ಯಾನೇಜರ್ ಒಂದು ಸ್ಟೈನ್‌ವೇ ಪಿಯಾನೋ ಕೊಟ್ಟಿದ್ದ. ಗಿಟಾರ್ ಹಿಡಿದರೆ ಹೊಸದೇನೂ ಹೊಳೆಯುತ್ತಿರಲಿಲ್ಲವಂತೆ, ಪಿಯಾನೋ ಮುಂದೆ ಕೂತ, ಹಾಡು ಬರೋಕೆ ಶುರುವಾಯಿತು. ಲಾಸ್ ಏಂಜಲೀಸ್‌ನ ಮನೆಯಲ್ಲಿ ಒಬ್ಬನೇ ಕೂತು ಬರೆದ. ಆಲ್ಬಂ ಕವರಿನ ಮೇಲಿರೋ ಹೋಟೆಲ್ ಕೂಡ ಅವನೇ ರಟ್ಟು ಕತ್ತರಿಸಿ ಅಂಟಿಸಿ ಮಾಡಿದ್ದು. ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಮಕ್ಕಳು ಥರ್ಮೋಕೋಲ್‌ನಲ್ಲಿ ಅಣೆಕಟ್ಟು ಮಾಡಿ ತರ್ತಾರಲ್ಲ, ಹಾಗೆ. ಬಿಡುಗಡೆಗೆ ಮುಂಚೆ ರುಚಿಗೆ ಅಂತ ಒಂದು ಹಾಡೂ ಬಿಡಲಿಲ್ಲ. ಎಲ್ಲ ಒಂದೇ ದಿನ, 2018ರ ಮೇ 11, ಶುಕ್ರವಾರ.

ಆ ಶುಕ್ರವಾರ ಕರ್ನಾಟಕದ ಮೇಷ್ಟ್ರುಗಳೆಲ್ಲ ಎಲ್ಲಿದ್ದರು ನೆನಪಿದೆಯಾ? ಮಾರನೇ ದಿನ, ಮೇ 12ಕ್ಕೆ, ವಿಧಾನಸಭೆ ಚುನಾವಣೆ. ನನಗೆ ಎ.ಪಿ.ಆರ್.ಒ., ಅಂದರೆ ಬೂತಿನ ಸಹಾಯಕ ಅಧಿಕಾರಿ, ಡ್ಯೂಟಿ ಬಿದ್ದಿತ್ತು, ವಿರಾಜಪೇಟೆ ಕ್ಷೇತ್ರದಲ್ಲಿ. ಬೆಳಗ್ಗೆ ಮಸ್ಟರಿಂಗ್ ಸೆಂಟರಿನಲ್ಲಿ ಹೆಸರು ಕರೆಯೋ ಮೈಕಿನ ಗಲಾಟೆ, ಒಂದು ಕೈಯಲ್ಲಿ ಚೆಕ್ ಲಿಸ್ಟ್, ಇನ್ನೊಂದರಲ್ಲಿ ಅನ್ನ ಸಾಂಬಾರಿನ ತಟ್ಟೆ. ಅಲ್ಲೇ ನಿಂತು ಅಕ್ಕನ ಮಗ ಕೊಟ್ಟ ಮ್ಯೂಸಿಕ್ ಆ್ಯಪ್‌ನ ಪಾಸ್‌ವರ್ಡ್ ಹಾಕಿ ಆಲ್ಬಂ ಡೌನ್‌ಲೋಡ್ ಮಾಡಿಕೊಂಡೆ. ಸ್ಪಾಟಿಫೈ ಆಗಿನ್ನೂ ಭಾರತಕ್ಕೆ ಬಂದಿರಲಿಲ್ಲ. ಹನ್ನೊಂದು ಹಾಡು, ಸುಮಾರು ನಲವತ್ತು ನಿಮಿಷ. ಹತ್ತನೇ ಹಾಡು ಇಳಿಯೋ ಹೊತ್ತಿಗೆ ನಮ್ಮ ಬಸ್ಸಿನ ನಂಬರ್ ಕೂಗಿದರು. ಕಂಟ್ರೋಲ್ ಯೂನಿಟ್ ಕಂಕುಳಲ್ಲಿ, ಮತದ ಚೀಟಿ ಮುದ್ರಿಸೋ ವಿವಿಪ್ಯಾಟ್ ಡಬ್ಬ ತೊಡೆಯ ಮೇಲೆ, ಕೊನೇ ಹಾಡು ಬಂತೋ ಇಲ್ವೋ ಅಂತ ನೋಡೋಕೂ ಆಗಲಿಲ್ಲ. (ಬಂದಿತ್ತು.)

ಬೂತ್ ಇದ್ದದ್ದು ಕುಟ್ಟದ ಕಡೆ, ಒಂದು ಸರ್ಕಾರಿ ಶಾಲೆ. ಹಿಂದೆ ತೋಟ, ಅದರ ಹಿಂದೆ ನಾಗರಹೊಳೆ ಕಾಡು. ನೆಟ್‌ವರ್ಕ್ ಸೊನ್ನೆ. ಏನಾದರೂ ಹೇಳಬೇಕಾದರೆ ಅರಣ್ಯ ಇಲಾಖೆಯವರ ವಾಕಿಟಾಕಿ. ಸಂಜೆ ಬೇಸಿಗೆ ಮಳೆ ಒಂದು ಸುತ್ತು ಬಂದು ಹೋಯಿತು, ಅದರ ಜೊತೆಗೆ ಕರೆಂಟೂ ಹೋಯಿತು. ನಾಲ್ಕು ಡೆಸ್ಕ್ ಜೋಡಿಸಿ ಹಾಸಿಗೆ ಮಾಡಿಕೊಂಡೆವು. ಒಂದನೇ ಕ್ಲಾಸಿನ ಡೆಸ್ಕ್, ಮೊಣಕಾಲಿಂದ ಕೆಳಗೆಲ್ಲ ಗಾಳಿಯಲ್ಲಿ. ದೂರದಲ್ಲಿ ಆನೆ ಓಡಿಸೋರ ಪಟಾಕಿ ಎರಡು ಸಲ ಕೇಳಿತು. ನಾನು ಇಯರ್‌ಫೋನ್ ಹಾಕಿಕೊಂಡೆ.

ಮೊದಲ ಹಾಡಿನ ಮೊದಲ ಸಾಲೇ, ನಾನು ಸ್ಟ್ರೋಕ್ಸ್ ಬ್ಯಾಂಡಿನವರಲ್ಲಿ ಒಬ್ಬನಾಗಬೇಕು ಅಂತಿದ್ದೆ ಅಷ್ಟೇ ಅನ್ನುತ್ತೆ. ನಿಧಾನ. ಬೇಸ್ ಗಿಟಾರ್ ಪಕ್ಕದ ರೂಮಿನಲ್ಲಿ ಯಾರೋ ಭಾರದ ಪೆಟ್ಟಿಗೆ ಎಳೆದ ಹಾಗೆ. ಮೇಲಿಂದ ಪಿಯಾನೋ ಹನಿ ಹನಿ. ಖಾಲಿ ಹೋಟೆಲಿನಲ್ಲಿ, ಕುರ್ಚಿಗಳನ್ನ ಟೇಬಲ್ ಮೇಲೆ ಮಗುಚಿ ಇಟ್ಟ ಮೇಲೂ ಒಬ್ಬ ಹಾಡುಗಾರ ತನ್ನಷ್ಟಕ್ಕೆ ಹಾಡುತ್ತಾ ಕೂತಿದ್ದಾನೆ, ನಿಲ್ಲಿಸು ಅಂತ ಹೇಳೋಕೆ ಯಾರಿಗೂ ಮನಸ್ಸಿಲ್ಲ. ಮೂರನೇ ಹಾಡಿನವರೆಗೂ ನಾನೂ ಗಿಟಾರ್ ಎಲ್ಲಿ ಅಂತ ಹುಡುಕಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಹುಡುಕೋದು ಬಿಟ್ಟೆ. ಬೇರೆ ಕೆಲಸ ಇರಲಿಲ್ಲ. ಯಾರ ಅಭಿಪ್ರಾಯವೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಅದು. ಬೇರೆಯವರು ಏನಂದರು ಅಂತ ನೋಡೋಕೆ ಬೆರಳು ಎರಡು ಸಲ ಫೋನಿನ ಮೇಲೆ ಹೋಯಿತು, ಏನೂ ತೆರೆಯಲಿಲ್ಲ, ಸುಮ್ನೆ ಹಾಡಿಗೆ ವಾಪಸ್ ಬಂದೆ.

ನಮ್ಮ ಪಿ.ಆರ್.ಒ., ಅಂದರೆ ಬೂತಿನ ಮುಖ್ಯ ಅಧಿಕಾರಿ, ನಿವೃತ್ತಿಗೆ ಹತ್ತಿರ ಇದ್ದವರು. ಅವರಿಗೂ ನಿದ್ದೆ ಇಲ್ಲ.

"ಎಂಥ ಕೇಳ್ತಾ ಇದ್ದೀರಿ ಮೇಷ್ಟ್ರೇ?"

"ಇಂಗ್ಲಿಷ್ ಹಾಡು ಸಾರ್. ಇವತ್ತೇ ಬಂದದ್ದು."

"ಪ್ರಚಾರದ ಹಾಡಲ್ವಲ್ಲ?" ಅಂದರು. ಮತದಾನಕ್ಕೆ 48 ಗಂಟೆ ಮುಂಚೆ ಪ್ರಚಾರ ನಿಲ್ಲಬೇಕು, ಅವರಿಗೆ ಅದೇ ಚಿಂತೆ. ಇಯರ್‌ಫೋನಿನ ಒಂದು ತುದಿ ಕೇಳಿ ತಗೊಂಡರು. ಎರಡು ಹಾಡು ಕೇಳಿ, "ಚೆನ್ನಾಗಿದೆ, ನಿದ್ದೆ ಬರ್ತದೆ" ಅಂತ ವಾಪಸ್ ಕೊಟ್ಟು ಗೋಡೆ ಕಡೆ ತಿರುಗಿದರು. ನಿಜವಾಗಿಯೂ ಗೊರಕೆ ಬಂತು. ಆ ಆಲ್ಬಂ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಇದು. ಇವತ್ತಿಗೂ ಅದಕ್ಕಿಂತ ಪ್ರಾಮಾಣಿಕವಾದದ್ದು ಓದಿಲ್ಲ. ಎಲ್ಲಿ ಮಲಗಿ ಕೇಳಿದರು, ಯಾಕೆ ಕೇಳಿದರು, ಏನಾಯಿತು, ಎಲ್ಲ ನನ್ನ ಕಣ್ಣ ಮುಂದೆಯೇ ಇತ್ತಲ್ಲ.

ಬೆಳಗ್ಗೆ ಐದೂವರೆಗೆ ಎದ್ದು ಅಣಕು ಮತದಾನದ ತಯಾರಿ. ಚುನಾವಣೆ ಡ್ಯೂಟಿ ಮಾಡದವರಿಗೆ ಇದು ಗೊತ್ತಿರೋದಿಲ್ಲ. ಏಳು ಗಂಟೆಗೆ ಮತದಾನ ಶುರುವಾಗುವ ಮುಂಚೆ ಪಕ್ಷಗಳ ಏಜೆಂಟರ ಎದುರಿಗೆ ಕಡಿಮೆ ಅಂದರೂ ಐವತ್ತು ಮತ ಸುಮ್ನೆ ಹಾಕಿ ನೋಡಬೇಕು. ಯಂತ್ರದ ಲೆಕ್ಕ, ಚೀಟಿಯ ಲೆಕ್ಕ ತಾಳೆ ನೋಡಬೇಕು. ಆಮೇಲೆ ಕ್ಲಿಯರ್ ಬಟನ್ ಒತ್ತಿ ಎಲ್ಲ ಅಳಿಸಿ, ಚೀಟಿಗಳನ್ನ ಕಪ್ಪು ಕವರಿಗೆ ತುಂಬಿ ಸೀಲ್ ಮಾಡಬೇಕು. ಇದನ್ನ ಮರೆತು ಹಾಗೇ ಮತದಾನ ಶುರು ಮಾಡಿದ ಬೂತಿನವರ ಪಾಡು ದೇವರಿಗೇ ಪ್ರೀತಿ, ನೋಟಿಸು, ವಿವರಣೆ, ಎಲ್ಲ. ಆ ದಿನ ರಾತ್ರಿ ವಾಪಸ್ ಬರುವಾಗ ನನಗೆ ಅನ್ನಿಸಿದ್ದು, ಆಲ್ಬಮ್ಮಿಗೆ ಮೊದಲ ದಿನ ಬೀಳೋ ಓಟೆಲ್ಲ ಇದೇ ತರದ್ದು, ಆದರೆ ಕ್ಲಿಯರ್ ಬಟನ್ ಒತ್ತೋರು ಯಾರೂ ಇಲ್ಲ.

ಯಾಕೆ ಅನ್ನಿಸಿತು ಅಂದರೆ, ಬಸ್ಸು ಗೋಣಿಕೊಪ್ಪಲು ಹತ್ತಿರ ಬರುತ್ತಿದ್ದ ಹಾಗೆ ಫೋನಿಗೆ ಜೀವ ಬಂತು. ಟಣ್ ಟಣ್ ಟಣ್. ಬಸ್ಸಿನಲ್ಲಿ ಎಲ್ಲರ ಫೋನಿನಲ್ಲೂ ಎಕ್ಸಿಟ್ ಪೋಲ್, ನನ್ನ ಫೋನಿನಲ್ಲಿ ಅಕ್ಕನ ಮಗ. ಮೊದಲ ಮೆಸೇಜು: "ಮಾವ, ಗಿಟಾರ್ ಎಲ್ಲಿ?" ಎರಡನೆಯದು: "ಮಾವ, ಇದು ಲಿಫ್ಟಿನಲ್ಲಿ ಹಾಕೋ ಮ್ಯೂಸಿಕ್." ಮೂರನೆಯದನ್ನ ಇಲ್ಲಿ ಬರೆಯೋ ಹಾಗಿಲ್ಲ. ಒಟ್ಟು ನಲವತ್ತು ಚಿಲ್ಲರೆ ಮೆಸೇಜು, ಅದರ ಮಧ್ಯೆ ಬೇರೆ ಬೇರೆ ದೇಶದವರು ಬರೆದದ್ದರ ಫೋಟೋ. ಅವರೆಲ್ಲರ ದೂರೂ ಒಂದೇ, ಇದು ನಮ್ಮ ಬ್ಯಾಂಡ್ ಅಲ್ಲ. ಇನ್ನೊಂದು ಕಡೆ ಅಷ್ಟೇ ಜನ, ಇದು ಅವರು ಮಾಡಿದ್ದರಲ್ಲೇ ಧೈರ್ಯದ ಕೆಲಸ, ನಿಮಗೆ ಅರ್ಥ ಆಗಲ್ಲ ಬಿಡಿ, ಅಂತ. ಈ ಎರಡನೇ ಗುಂಪಿನವರು ಮೊದಲನೆಯವರಿಗಿಂತ ಜಾಸ್ತಿ ತಲೆನೋವು. ಅರ್ಥ ಆಗಲ್ಲ ಅನ್ನೋ ಮಾತನ್ನ ನಾನು ಕ್ಲಾಸಿನಲ್ಲಿ ಮಕ್ಕಳಿಗೂ ಹೇಳೋದಿಲ್ಲ.

ವಿಮರ್ಶಕರು ಹೆಚ್ಚಿನವರು ಒಳ್ಳೆಯದನ್ನೇ ಬರೆದಿದ್ದರು, ಆದರೆ ಪಕ್ಕದಲ್ಲೇ ಒಂದು ಎಚ್ಚರಿಕೆ ಇಟ್ಟಿದ್ದರು, ಎಲ್ಲರಿಗೂ ಹಿಡಿಸೋದಲ್ಲ ಅಂತ. 2006ರಲ್ಲಿ ಕೇಳುಗರು ಮುಂದೆ ಓಡಿ ವಿಮರ್ಶಕರು ಹಿಂದೆ ಬಂದಿದ್ದರು. 2018ರಲ್ಲಿ ಉಲ್ಟಾ. ವಿಮರ್ಶಕರು ಚಂದ್ರನ ಮೇಲೆ ಇಳಿದು ಕಾಯುತ್ತಿದ್ದಾರೆ, ಕೇಳುಗರಲ್ಲಿ ಅರ್ಧ ಜನ ಕೆಳಗೇ ನಿಂತು ಬೈಯುತ್ತಿದ್ದಾರೆ. ಬೈಯುತ್ತಲೇ ಕೊಂಡುಕೊಂಡರು ಅನ್ನೋದು ಬೇರೆ. ಮೊದಲ ವಾರವೇ ಬ್ರಿಟನ್ನಿನಲ್ಲಿ ನಂಬರ್ ಒನ್, ಅವರ ಆರನೇ ಆಲ್ಬಂ, ಆರೂ ನಂಬರ್ ಒನ್. ವಿನೈಲ್ ತಟ್ಟೆಯೇ 24,000ಕ್ಕೂ ಜಾಸ್ತಿ ಹೋಯಿತು, 25 ವರ್ಷದಲ್ಲಿ ಅಷ್ಟು ಬೇಗ ಯಾವ ತಟ್ಟೆಯೂ ಮಾರಾಟ ಆಗಿರಲಿಲ್ಲ. ಮರ್ಕ್ಯುರಿ ಪ್ರಶಸ್ತಿಯ ಪಟ್ಟಿಗೂ ಬಂತು, ಗ್ರ್ಯಾಮಿಗೂ ಹೆಸರು ಹೋಯಿತು, ಎರಡೂ ಸಿಗಲಿಲ್ಲ.

ಮೇ 15ಕ್ಕೆ ನಮ್ಮ ಫಲಿತಾಂಶ ಬಂತಲ್ಲ, ಯಾರಿಗೂ ಬಹುಮತ ಇಲ್ಲ. ಅಕ್ಕನ ಮಗನಿಗೆ ಮೆಸೇಜು ಹಾಕಿದೆ, "ನಿನ್ನ ಆಲ್ಬಮ್ಮೂ ಅತಂತ್ರ." ಅವನು ಉತ್ತರ ಕೊಡಲಿಲ್ಲ. ಆ ವಾರ ಇಡೀ ರಾಜ್ಯ ರೆಸಾರ್ಟ್ ನೋಡುತ್ತಿತ್ತು.

ಈಗ ವಿಷಯಕ್ಕೆ ಬರ್ತೀನಿ. ಅವನು ಆಲ್ಬಂ ಕೇಳಿದ್ದು ಎಲ್ಲಿ ಅಂತ ಎಷ್ಟೋ ದಿನ ಆದ ಮೇಲೆ ಕೇಳಿದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ, ನಿಂತುಕೊಂಡು, ಒಂದು ಕೈ ಮೇಲಿನ ಕಂಬಿಯಲ್ಲಿ. ಹೊರಗೆ ಹಾರ್ನ್, ಒಳಗೆ ಕಂಡಕ್ಟರ್ "ಮುಂದೆ ಹೋಗ್ರೀ". ಅಂಥ ಕಡೆ ಖಾಲಿ ಹೋಟೆಲಿನ ಪಿಯಾನೋ ಹೇಗೆ ಕೇಳಿಸಬೇಕು? ಅಲ್ಲಿ 'ಎ.ಎಂ.' ಕೇಳುತ್ತೆ, ಬಸ್ಸಿನ ಸದ್ದನ್ನ ತಳ್ಳಿಕೊಂಡು ಒಳಗೆ ಬರುತ್ತೆ. ಇದು ತಳ್ಳೋ ಜಾತಿಯದ್ದಲ್ಲ. ಜಾಗ ಕೊಟ್ಟರೆ ಕೂರುತ್ತೆ, ಇಲ್ಲದಿದ್ದರೆ ಇಳಿದು ಹೋಗುತ್ತೆ.

ವಿಮರ್ಶೆ ಎಷ್ಟು ಓದಿದರೂ ಈ ಮಾಹಿತಿ ಮಾತ್ರ ಸಿಗೋದಿಲ್ಲ. ಎಷ್ಟು ಸ್ಟಾರ್, ಯಾವ ಹಳೇ ಬ್ಯಾಂಡಿನ ನೆರಳು, ಪ್ರೊಡ್ಯೂಸರ್ ಯಾರು, ಎಲ್ಲ ಇರುತ್ತೆ. ಎಲ್ಲಿ ಕೂತು ಕೇಳಿದೆ, ಎಷ್ಟು ಸಲ ಕೇಳಿದೆ, ಅವತ್ತು ಮಧ್ಯಾಹ್ನ ಊಟ ಆಗಿತ್ತಾ, ಬರೆದು ಕೊಡೋಕೆ ಎಷ್ಟು ಗಂಟೆ ಟೈಮ್ ಇತ್ತು, ಇದನ್ನ ಯಾರೂ ಬರೆಯೋದಿಲ್ಲ. ಹೋಮ್‌ಸ್ಟೇಗೆ ಬಂದವರೇ ವಾಸಿ, ಜುಲೈ ಅಂತ ತಾರೀಖಾದರೂ ಇರುತ್ತೆ, ಓದಿದವರು ಲೆಕ್ಕ ಹಾಕಿಕೊಳ್ಳಬಹುದು.

ಇದೇನೂ ಹೊಸ ಜಗಳವಲ್ಲ. 2000ನೇ ಇಸವಿಯ ಅಕ್ಟೋಬರಿನಲ್ಲಿ ರೇಡಿಯೋಹೆಡ್ ಬ್ಯಾಂಡಿನ 'ಕಿಡ್ ಎ' ಆಲ್ಬಂ ಬಂದಾಗಲೂ ಗಿಟಾರ್ ಎಲ್ಲಿ ಅಂತಲೇ ಕೇಳಿದ್ದು. ಇಂಗ್ಲೆಂಡಿನ ಮೆಲಡಿ ಮೇಕರ್ ಪತ್ರಿಕೆ ಉಗಿಯಿತು. ಕಾದಂಬರಿಕಾರ ನಿಕ್ ಹಾರ್ನ್‌ಬಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಅಸಮಾಧಾನ ತೋಡಿಕೊಂಡ. ಒಂಬತ್ತು ವರ್ಷ ಆದ ಮೇಲೆ ರೋಲಿಂಗ್ ಸ್ಟೋನ್ ಪತ್ರಿಕೆ ಅದನ್ನೇ ಆ ದಶಕದ ಅತಿ ಒಳ್ಳೆಯ ಆಲ್ಬಂ ಅಂತ ಮೊದಲ ಸ್ಥಾನದಲ್ಲಿ ಕೂರಿಸಿತು. ಅದೇ ರೋಲಿಂಗ್ ಸ್ಟೋನ್ ಓದುಗರು 1996ರಲ್ಲಿ ವೀಜರ್ ಬ್ಯಾಂಡಿನ 'ಪಿಂಕರ್ಟನ್' ಅನ್ನ ವರ್ಷದ ಕೆಟ್ಟ ಆಲ್ಬಂಗಳ ಸಾಲಿಗೆ ಹಾಕಿ, 2002ರಲ್ಲಿ ಸಾರ್ವಕಾಲಿಕ ಒಳ್ಳೆಯ ಆಲ್ಬಂಗಳಲ್ಲಿ 16ನೆಯದು ಅಂದರು. ಇದನ್ನೆಲ್ಲ ಓದಿ, ಬೈಸಿಕೊಂಡ ಆಲ್ಬಂ ಎಲ್ಲ ಮುಂದೆ ಹೊಳೆಯುತ್ತೆ ಅಂತ ಹೇಳೋರಿದ್ದಾರೆ. ಅದು ಸುಳ್ಳು. ಬೈಸಿಕೊಂಡು ಬೈಸಿಕೊಂಡ ಹಾಗೇ ಸತ್ತು ಹೋದದ್ದೇ ಜಾಸ್ತಿ, ಅವುಗಳ ಹೆಸರು ನಮಗೆ ನೆನಪಿಲ್ಲ ಅಷ್ಟೇ.

ಭಾವನ ವಿಷಯ ಹೇಳದಿದ್ದರೆ ಇದು ಪೂರ್ತಿ ಆಗೋದಿಲ್ಲ. ಅಕ್ಕನ ಗಂಡ ಇಪ್ಪತ್ತು ವರ್ಷ ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಪ್ ಟೇಸ್ಟರ್ ಆಗಿದ್ದರು. ಕಾಫಿ ರುಚಿ ನೋಡಿ ನಂಬರ್ ಕೊಡೋ ಕೆಲಸ. ಅದನ್ನೊಮ್ಮೆ ಹತ್ತಿರದಿಂದ ನೋಡಿದ್ದೀನಿ. ಹಿಂದಿನ ದಿನ ಹದವಾಗಿ ಹುರಿದ ಬೀಜ, 150 ಎಂ.ಎಲ್. ನೀರಿಗೆ 8.25 ಗ್ರಾಂ ಪುಡಿ, ಅಳತೆ ಅಂದರೆ ಅಳತೆ. ನೀರು ಕುದಿಯೋಕೆ ಸ್ವಲ್ಪ ಕೆಳಗೆ. ಹುಯ್ದು ನಾಲ್ಕು ನಿಮಿಷ ಮುಟ್ಟೋ ಹಾಗಿಲ್ಲ. ಮೇಲೆ ಪುಡಿಯ ಕೆನೆ ಕಟ್ಟುತ್ತೆ, ಅದನ್ನ ಚಮಚದಿಂದ ಒಡೆದು ಮೂಗು ಕಪ್ಪಿಗೆ ತಾಗೋ ಹಾಗೆ ಬಗ್ಗಬೇಕು. ಆಮೇಲೆ ಚಮಚದಲ್ಲಿ ತಗೊಂಡು ಸುರ್ ಅಂತ ಎಳೆಯೋದು, ಆ ಸದ್ದಿಗೆ ನಾನು ನಕ್ಕುಬಿಟ್ಟಿದ್ದೆ, ಹೊರಗೆ ಕಳಿಸಿದರು. ಸೆಂಟ್ ಹಾಕಿಕೊಂಡು ಬಂದವರಿಗೆ ಒಳಗೆ ಪ್ರವೇಶ ಇಲ್ಲ. ಕಪ್ಪಿನ ಮೇಲೆ ತೋಟದ ಹೆಸರಿಲ್ಲ, ಬರೀ ನಂಬರು. ಇದೆಲ್ಲ ಆದ ಮೇಲೂ ಒಂದು ಸಲ ಕುಡಿದು ನಂಬರ್ ಕೊಡೋದಿಲ್ಲ. ಬಿಸಿ ಇದ್ದಾಗ ಒಂದು ಸಲ, ಉಗುರು ಬೆಚ್ಚಗಾದಾಗ ಒಂದು ಸಲ, ಪೂರ್ತಿ ಆರಿದ ಮೇಲೆ ಮತ್ತೊಂದು ಸಲ. ಬಿಸಿಯಲ್ಲಿ ಚೆನ್ನಾಗಿ ಕಂಡದ್ದು ಆರಿದ ಮೇಲೆ ಗೋಣಿಚೀಲದ ವಾಸನೆ ಬಿಡಬಹುದು. ನೂರಕ್ಕೆ ಎಂಬತ್ತು ಮುಟ್ಟಿದರೆ ಸ್ಪೆಷಾಲಿಟಿ, ಅಂದರೆ ಮೇಲ್ದರ್ಜೆಯ ಕಾಫಿ.

ಒಂದು ಚಮಚ ಕಾಫಿಗೆ ಇಷ್ಟು ಮಡಿ. ಐದು ವರ್ಷ ಕಾದು ಸಿಕ್ಕಿದ ಆಲ್ಬಮ್ಮಿಗೆ ಬಿ.ಎಂ.ಟಿ.ಸಿ. ಬಸ್ಸು.

ಅಕ್ಕನ ಮೂರು ಸ್ಟಾರಿನ ದುಃಖದ ಸಂಜೆ ನಾನು ಭಾವನ ಮೇಲೆ ಪ್ರಯೋಗ ಮಾಡಿದೆ. ಹೊರಗೆ ಮಳೆ, ಜಗುಲಿಯಲ್ಲಿ ಸಣ್ಣ ಸ್ಪೀಕರ್. ಬ್ಯಾಂಡಿನ ಹೆಸರು ಹೇಳಲಿಲ್ಲ, ಅವರದ್ದೇ ಪದ್ಧತಿ. ಕಣ್ಣು ಮುಚ್ಚಿ ಕೂತರು. ಮೂರನೇ ಹಾಡಿಗೆ ಎದ್ದು ಚರಂಡಿ ಕಟ್ಟಿಕೊಂಡಿದೆಯಾ ನೋಡಿ ಬಂದರು. ಆರನೇ ಹಾಡಿಗೆ, ಅದೇ ಐದಕ್ಕೆ ನಾಲ್ಕರ ಹಾಡಿಗೆ, ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕಿತು. ಅಡುಗೆಮನೆಯಿಂದ ಅಕ್ಕ, "ಹಲ್ಲಿನ ಡಾಕ್ಟ್ರ ಹತ್ರ ಕಾಯುವಾಗ ಹಾಕ್ತಾರಲ್ಲ, ಅದಲ್ವಾ?" ಅಂದಳು. ಮುಗಿದ ಮೇಲೆ ಭಾವ ಸ್ವಲ್ಪ ಹೊತ್ತು ಸುಮ್ನಿದ್ದು, "ಯಾವುದೋ ಹಳೇ ಹೋಟೆಲಿನಲ್ಲಿ ಹಾಡಿದ ಹಾಗಿದೆ" ಅಂದರು. ನಾನು ಆಲ್ಬಂ ಹೆಸರು ಹೇಳಿಯೇ ಇರಲಿಲ್ಲ!

"ಎಷ್ಟು ಕೊಡ್ತೀರಿ?"

"79."

"ಒಂದು ಜಾಸ್ತಿ ಮಾಡಿ ಭಾವ, ಸ್ಪೆಷಾಲಿಟಿ ಆಗುತ್ತೆ."

"ಆರಿದ ಮೇಲೆ ಇನ್ನೊಂದು ಸಲ ಕೊಡು, ನೋಡೋಣ. ಯಾರ ಹಾಡು?"

ಆರ್ಕ್ಟಿಕ್ ಮಂಕೀಸ್ ಅಂದೆ. "ಮಂಗಗಳಾ? ತೋಟದಲ್ಲಿ ಇರೋದೇ ಸಾಕಾಗಿದೆ" ಅಂತ ಎದ್ದು ಹೋದರು. ಈ ವರ್ಷ ಅವರ ಏಲಕ್ಕಿ ಪೂರ್ತಿ ಮಂಗಗಳ ಪಾಲು.

ನನ್ನ ಕತೆಯೂ ಅಷ್ಟೇ ಅನುಮಾನದ್ದು, ಒಪ್ಪಿಕೊಳ್ತೀನಿ. ನನಗೆ ಆಲ್ಬಂ ಇಷ್ಟವಾ, ಆ ಬೂತಿನ ರಾತ್ರಿ ಇಷ್ಟವಾ, ಬಿಡಿಸಿ ಹೇಳೋಕೆ ಬರೋದಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜಾರಿತು. ನನ್ನ ಕ್ಲಾಸಿನ ಮಕ್ಕಳ ಮನೆಗಳೂ ಇದ್ದವು. ಅದಾದ ಮೇಲೆ ತುಂಬಾ ದಿನ ಯಾವ ಹಾಡೂ ಬೇಕು ಅನ್ನಿಸಲಿಲ್ಲ. ಮತ್ತೆ ಹಾಕಿದ್ದು ಕಾಫಿ ಕೊಯ್ಲು ಶುರುವಾದ ಮೇಲೆ, ಕಣದಲ್ಲಿ ಬೀಜ ಕಾಯುತ್ತಾ ಕೂತಾಗ. ಹಗಲಿನಲ್ಲಿ, ಬಿಸಿಲಿನಲ್ಲಿ, ಅದು ಬೇರೆಯೇ ಆಲ್ಬಂ ಆಗಿ ಕೇಳಿತು. ಎರಡು ಹಾಡು ನೀರಸ ಅನ್ನಿಸಿತು. ಇನ್ನೊಂದು, ಬೂತಿನಲ್ಲಿ ಗಮನಕ್ಕೇ ಬರದ ಕೊನೇ ಹಾಡು, ಬಸ್ಸು ಹತ್ತುವಾಗ ಅರ್ಧಂಬರ್ಧ ಇಳಿದಿತ್ತಲ್ಲ ಅದು, ಎದೆಗೆ ಬಂದು ಕೂತಿತು. ಆಗ ಎಷ್ಟು ಸ್ಟಾರ್ ಕೊಡುತ್ತಿದ್ದೆ? ಬೂತಿನಲ್ಲಿ ಐದು, ಕಣದಲ್ಲಿ ಮೂರೂವರೆ. ಹಾಡು ಅದೇ, ಕಿವಿ ಅದೇ.

ಚಂದ್ರನ ಮೇಲಿನ ಆ ಅಂಗಡಿಯ ಹೆಸರು ಇನ್‌ಫರ್ಮೇಶನ್ ಆ್ಯಕ್ಷನ್ ರೇಶಿಯೋ. ನೀಲ್ ಪೋಸ್ಟ್‌ಮನ್ ಅನ್ನೋರು 1985ರಲ್ಲಿ ಟಿ.ವಿ. ಬಗ್ಗೆ ಬರೆದ ಪುಸ್ತಕದಿಂದ ಎತ್ತಿಕೊಂಡ ಮಾತು ಅದು. ಕಿವಿಗೆ ಬೀಳೋ ಸುದ್ದಿ ರಾಶಿ ರಾಶಿ, ಅದನ್ನ ಕೇಳಿ ನಾವು ಮಾಡೋ ಕೆಲಸ ಚೂರು, ಇವೆರಡರ ಲೆಕ್ಕ. ನಲವತ್ತು ಮೆಸೇಜು ಕಳಿಸಿದ ಅಕ್ಕನ ಮಗ ಆಲ್ಬಂ ಎಷ್ಟು ಸಲ ಕೇಳಿದ್ದ ಗೊತ್ತಾ? ಒಂದು. ಅದೂ ಒಂಬತ್ತನೇ ಹಾಡಿಗೆ ಸ್ಟಾಪ್ ಬಂತಂತೆ.

ಹಾಗಂತ ಅವನು ತಪ್ಪು ಅಂತಲೂ ನಾನು ಹೇಳಲಾರೆ. ವಾಲಗಕ್ಕೆ ಬಂದವನನ್ನ ಭಜನೆಗೆ ಕೂರಿಸಿದರೆ ಎದ್ದು ಹೋಗೋದು ಅವನ ಹಕ್ಕು. ಆಮೇಲೆ ಎರಡು ಮೂರು ಸಲ ಕೇಳಿದ್ದಾನೆ, ರಜೆಗೆ ಬಂದಾಗ, ಇದೇ ಜಗುಲಿಯಲ್ಲಿ, ಮಳೆಯಲ್ಲಿ. ಆದರೂ ಹಿಡಿಸಲಿಲ್ಲ ಅಂದ. "ಈಗ ನೆಟ್ಟಗೆ ಕೇಳಿಯೇ ಹೇಳ್ತಾ ಇದ್ದೀನಿ ಮಾವ, ಬೋರು." ಆ ಬೋರಿಗೆ ನಾನು ಮರ್ಯಾದೆ ಕೊಡ್ತೀನಿ.

2022ರ ಅಕ್ಟೋಬರ್ 21ಕ್ಕೆ ಅವರ ಮುಂದಿನ ಆಲ್ಬಂ ಬಂತು, 'ದಿ ಕಾರ್'. ಅದೇ ದಿನ ಟೇಲರ್ ಸ್ವಿಫ್ಟ್ ಆಲ್ಬಮ್ಮೂ ಬಂದು, ಇವರು ಬ್ರಿಟನ್ನಿನಲ್ಲಿ ಮೊದಲ ಸಲ ಎರಡನೇ ಸ್ಥಾನಕ್ಕೆ ಇಳಿದರು. ಅವತ್ತೂ ಶುಕ್ರವಾರ. ಬೆಳಗ್ಗೆ ಒಂಬತ್ತಕ್ಕೆ ನಾನು ಪ್ರಾರ್ಥನೆಗೆ ಮಕ್ಕಳ ಸಾಲು ಸರಿ ಮಾಡುತ್ತಿದ್ದೆ, ಜೇಬಿನಲ್ಲಿ ಫೋನು ಗುರ್ ಅಂದಿತು.

"ಮಾವ, ಈ ಸಲವೂ ಗಿಟಾರ್ ಇಲ್ಲ. ಪಿಟೀಲು ಇದೆ. ಐದಕ್ಕೆ ಎರಡು."

ಪ್ರಾರ್ಥನೆ ಮುಗಿಯೋವರೆಗೂ ಕಾದು ಉತ್ತರ ಹಾಕಿದೆ. "ಎಲ್ಲಿದ್ದೀಯ?"

"ಸಿಲ್ಕ್ ಬೋರ್ಡ್ ಸಿಗ್ನಲ್."